ತಡವಾಗಿ ಹಾರುವ ಕೀಪರ್

ಓಬಳೇಶನ ಮೇಲೆ ನನಗೆ ಮೊದಲ ದಿನವೇ ಅನುಮಾನ ಬಂತು. ಅವನು ಬಾಲನ್ನು ನೋಡಿದ ಮೇಲೆ ಹಾರುತ್ತಿದ್ದ. ನಮ್ಮೂರಿನ ಯಾವ ಕೀಪರೂ ಹಾಗೆ ಹಾರುವುದಿಲ್ಲ. ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಬ್ಯಾಟಿನ ಅಂಚಿಗೆ ಬಾಲು ಸವರಿದ ‘ಟಿಕ್’ ಕಿವಿಗೆ ಬೀಳುತ್ತದೆ. ಬಿದ್ದ ಕೂಡಲೇ ಕೀಪರಾದವನು ಬಲಕ್ಕೋ ಎಡಕ್ಕೋ ಜರುಗಿ ಕೈ ಒಡ್ಡಿಕೊಂಡು ಕೂತಿರಬೇಕು. ಬ್ಯಾಟು, ಬಾಲು ಎಲ್ಲ ಆಮೇಲೆ ಬಂದು ತಮ್ಮ ತಮ್ಮ ಕೆಲಸ ಮುಗಿಸಿಕೊಂಡು ಹೋಗುತ್ತವೆ. ಇವನೋ, ಟಿಕ್ ಅಂದರೂ ಕಲ್ಲು ಗೂಬೆಯ ಹಾಗೆ ಕೂತಲ್ಲೇ ಕೂತಿರುತ್ತಿದ್ದ. ಬಾಲು ನಿಜವಾಗಿ ಬ್ಯಾಟಿಗೆ ಸವರಿ, ತಿರುಗಿ, ಇನ್ನೇನು ಹೋಗಿಯೇ ಬಿಟ್ಟಿತು ಅನ್ನುವಾಗ ಒಮ್ಮೆಲೇ ಹಾರುತ್ತಿದ್ದ. ಬಾಲು ಕೈಯಲ್ಲಿರುತ್ತಿತ್ತು. ಇದರಲ್ಲಿ ಏನೋ ಮಸಲತ್ತಿದೆ ಅಂತ ನನಗೆ ಅನ್ನಿಸದೆ ಇನ್ಯಾರಿಗೆ ಅನ್ನಿಸಬೇಕು?

ನಮ್ಮೂರಲ್ಲಿ ಸದ್ದು ಮೊದಲು, ಸಂಗತಿ ಆಮೇಲೆ. ನಡುವೆ ಒಂದು ಉಸಿರಿನಷ್ಟು ಅಂತರ. ಅಡುಗೆಮನೆಯಲ್ಲಿ ಪಿಂಗಾಣಿ ಬಟ್ಟಲು ಒಡೆದ ಸದ್ದು ಕೇಳಿದರೆ ನಮ್ಮವ್ವ ಮೂಲೆಯ ಪೊರಕೆ ಕೈಗೆ ತೆಗೆದುಕೊಳ್ಳುತ್ತಾಳೆ. ಬಟ್ಟಲು ಆಮೇಲೆ ಬೀಳುತ್ತದೆ. ಕೈ ಚಾಚಿದರೆ ಸಿಕ್ಕುವಷ್ಟು ಹತ್ತಿರ ಇದ್ದರೂ ಅವಳು ಚಾಚುವುದಿಲ್ಲ. “ಸದ್ದೇ ಆಗೋತಲ್ಲಪ್ಪ, ಇನ್ನೇನೈತೆ” ಅನ್ನುತ್ತಾಳೆ. ಸ್ಟಂಪು ಉರುಳಿದ ಸದ್ದು ಕೇಳಿದರೆ ಬ್ಯಾಟ್ಸ್‌ಮನ್ ಅಲ್ಲೇ ಗ್ಲೋವ್ಸ್ ಬಿಚ್ಚತೊಡಗುತ್ತಾನೆ, ಬಾಲು ಆಮೇಲೆ ನಿಧಾನವಾಗಿ ಬಂದು ಸ್ಟಂಪು ಉರುಳಿಸುತ್ತದೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಕೆನ್ನೆಗೆ ಬಾರಿಸಿದ ಸದ್ದು ಇಡೀ ಕ್ಲಾಸಿಗೆ ಕೇಳಿತು. ಕೇಳಿದ ಮೇಲೆ ಕೆನ್ನೆ ಒಡ್ಡಿ ನಿಲ್ಲುವುದು ಪದ್ಧತಿ. ನಿಂತೆ, ಹೊಡೆಸಿಕೊಂಡೆ, ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಹೊರಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರು ಹೊಡೆದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ಒಡ್ಡಿ ನಿಂತೆನಲ್ಲ, ಅದು ಇವತ್ತಿಗೂ ಹೊಟ್ಟೆಯೊಳಗೆ ಕೆಂಡದ ಹಾಗೆ ಉರಿಯುತ್ತದೆ.

ಓಬಳೇಶನನ್ನು ಅಳೆದು ತೂಗುವ ಕೆಲಸ ನನ್ನ ತಲೆಗೆ ಕಟ್ಟಿದ್ದು ಸಣ್ಣೀರಪ್ಪ. ಅವನದು ಇಡ್ಲಿ ಹೋಟೆಲು. ನಮ್ಮ ಕ್ಲಬ್ಬಿಗೆ ಕಾರ್ಯದರ್ಶಿಯೂ ಅವನೇ, ನೀರು ಕೊಡುವವನೂ ಅವನೇ. ನಾನು ಅವನ ಹೋಟೆಲಿನ ಪಕ್ಕದ ಮಾಡಿನಡಿ ಕೂತು ಹರಿದ ಪ್ಯಾಡು, ಗ್ಲೋವ್ಸು ಹೊಲಿಯುತ್ತೇನೆ. ಒಂದು ಬೆಳಿಗ್ಗೆ ಲೋಟ ಹಿಡಿದುಕೊಂಡು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

“ತಿಪ್ಪೇರುದ್ರ, ಹೊರಗ್ನೋರು ಮತ್ತೆ ಕೇಳ್ಯಾರೆ ಕಣಪ್ಪ. ಅವರ ತಾಲೀಮು ತಂಡಕ್ಕೆ ಒಬ್ಬ ಕೀಪರ್ ಬೇಕಂತೆ. ಅಲ್ಲಿ ಪಳಗಿದ್ರೆ ಮುಂದೆ ದೊಡ್ಡ ತಂಡ.”

“ನನ್ನ ಹಲ್ಲು ಮುರಿದು ಕಳ್ಸಿದೋರು ಅವರೇ ಅಲ್ವಾ? ‘ಈ ಊರಿಂದ ಇನ್ಯಾರನ್ನೂ ಕಳಿಸಬೇಡಿ’ ಅಂದೋರು ಈಗ್ಯಾಕೆ ಕೇಳ್ತಾರೆ? ಇದ್ರಲ್ಲಿ ಏನೋ ಐತೆ.”

“ನಿಂಗೆ ಎಲ್ಲದ್ರಲ್ಲೂ ಏನೋ ಇರ್ತೈತೆ. ಇಡ್ಲೀಲಿ ಉಪ್ಪೈತೆ ಅಂದ್ರೂ ಯಾಕೆ ಹಾಕಿದ್ರಿ ಅಂತೀಯ. ನೋಡು, ಅಲ್ಲಿಗೋಗಿ ಬಂದೋನು ಈ ಊರಲ್ಲಿ ನೀನೊಬ್ನೇ. ಅವಲಕ್ಕಿ ಮಿಲ್ಲಿನ ಕಾಮಣ್ಣನ ಮಗ ಓಬಳೇಶ ಐದಾನಲ್ಲ, ಅವನ್ನ ನೋಡು. ನೀನು ಹೂಂ ಅಂದ್ರೆ ಹೋಗ್ತಾನೆ, ಇಲ್ಲ ಅಂದ್ರೆ ಮಿಲ್ಲಲ್ಲೇ ಇರ್ತಾನೆ. ನಿನ್ನ ಮಾತೇ ಕೊನೇದು. ಈ ಸಲ ಕಳಿಸಿದೋನೂ ತಿರುಗಿ ಬಂದ್ರೆ ಆ ಬಾಗ್ಲು ಮುಚ್ಚಿದಂಗೇ ಅಂತ ತಿಳ್ಕೊ.”

ನಾನು ತಿರುಗಿ ಬಂದ ಕತೆ ಊರಿಗೆಲ್ಲ ಗೊತ್ತು. ನಮ್ಮೂರಿನ ಹೊರಗೆ ಸದ್ದೂ ಸಂಗತಿಯೂ ಗಂಡ ಹೆಂಡಿರ ಹಾಗೆ ಜೊತೆಯಲ್ಲೇ ಬರುತ್ತವೆ. ಸ್ಟಂಪಿನ ಹಿಂದೆ ಕೂತ ನಾನು ಟಿಕ್ ಕೇಳಲೆಂದು ಕಾದೆ. ಟಿಕ್ ಕೇಳಿದಾಗ ಬಾಲು ನನ್ನ ಬಾಯಲ್ಲಿತ್ತು. ಅಲ್ಲಿಯ ಕೋಚು ನನ್ನ ರಕ್ತ ಒರೆಸುತ್ತ, “ನಿಮ್ಮೂರಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಆಡ್ತೀರಾ?” ಅಂತ ನಕ್ಕ. ಆ ನಗು ಆಮೇಲೆ ಬಸ್ಸಿನ ಪ್ರತಿ ಸೀಟಿನಲ್ಲೂ ಕೂತು ನನ್ನ ಜೊತೆ ಊರಿಗೆ ಬಂತು.

ಅದಕ್ಕೇ ಓಬಳೇಶನನ್ನು ನಾನು ಪೊಲೀಸಿನವನ ಹಾಗೆ ನೋಡತೊಡಗಿದೆ. ಹತ್ತೊಂಬತ್ತರ ಹೈದ, ಕಡ್ಡಿಯಂಥ ಕಾಲು, ಅಗಲವಾದ ಅಂಗೈ. ಕರೆದರೆ ತಿರುಗುವುದಿಲ್ಲ. ಎದುರಿಗೆ ಹೋಗಿ ನಿಂತು ಕೇಳಿದರೂ ತಕ್ಷಣ ಉತ್ತರ ಇಲ್ಲ. ನಮ್ಮೂರಲ್ಲಿ ಮಾತೂ ಅಷ್ಟೇ: ಸ್ವರ ಮೊದಲು ಬರುತ್ತದೆ, ತುಟಿ ಆಮೇಲೆ ಆಡುತ್ತದೆ. ಆಡುವ ತುಟಿಯನ್ನು ಯಾರೂ ನೋಡುವುದಿಲ್ಲ, ಅದು ತಿಂದ ಮೇಲಿನ ಎಲೆ ಇದ್ದ ಹಾಗೆ. ಇವನು ಮಾತ್ರ ನನ್ನ ಬಾಯನ್ನೇ ದಿಟ್ಟಿಸುತ್ತಿದ್ದ, ಮುರಿದ ಹಲ್ಲನ್ನು ನೋಡಿ ಒಳಗೊಳಗೇ ನಗುತ್ತಿರುವವನ ಹಾಗೆ.

“ಎಷ್ಟು ವರ್ಷದಿಂದ ಆಡ್ತಿದ್ದೀಯಲೇ?” ಅಂತ ಕೇಳಿದೆ. ನನ್ನ ಮಾತು ಮುಗಿದು, ತುಟಿಯೂ ಆಡಿ ನಿಂತ ಮೇಲೆ ಅವನು, “ಚಿಕ್ಕೋನಿಂದ ಅಣ್ಣ” ಅಂದ.

“ಟಿಕ್ ಅಂದಾಗ ಯಾಕೆ ಜರುಗಲ್ಲ?”

ಮತ್ತೆ ಅದೇ ಕಾಯುವಿಕೆ. ಆಮೇಲೆ, “ಬಾಲು ಇನ್ನೂ ಬಂದಿರಲ್ಲವಲ್ಲಣ್ಣ.”

ಎಂಥ ಕೊಬ್ಬು! ಅವನ ಗ್ಲೋವ್ಸ್ ಕಸಿದುಕೊಂಡು ಒಳಗೆ ಬೆರಳು ಹಾಕಿ ತಡಕಾಡಿದೆ. ಹಲಸಿನ ಮೇಣ ಸವರಿದ್ದಾನೋ ಅಂತ ಮೂಸಿದೆ. ಬೆವರು ಮತ್ತು ಅವಲಕ್ಕಿಯ ವಾಸನೆ ಬಿಟ್ಟು ಬೇರೇನಿಲ್ಲ. ಹೊಲಿಗೆ ನನ್ನದೇ, ಹೋದ ಬೇಸಿಗೆಯಲ್ಲಿ ಹಾಕಿದ್ದು. ಬೌಲರ್ ಇವನಿಗೆ ಮೊದಲೇ ಸನ್ನೆ ಮಾಡುತ್ತಿರಬಹುದು ಅಂದುಕೊಂಡು ಬೌಲರನ್ನೇ ಬದಲಿಸಿದೆ, ಒಬ್ಬನಾದ ಮೇಲೆ ಒಬ್ಬ. ಕೊನೆಗೆ ನಾನೇ ಬಾಲು ಹಾಕಿದೆ. ನನ್ನ ಬಾಲೂ ಅವನ ಕೈಯಲ್ಲೇ ಹೋಗಿ ಕೂತಿತು, ತಡವಾಗಿ, ತಣ್ಣಗೆ.

“ಏನಂತೀಯ?” ಅಂದ ಸಣ್ಣೀರಪ್ಪ, ಬೌಂಡರಿ ಗೆರೆಯಾಚೆಯಿಂದ.

“ಕಳ್ಳ ಅಂತೀನಿ. ಕದ್ದಿದ್ದೇನು ಅಂತ ಇನ್ನೂ ಗೊತ್ತಾಗಿಲ್ಲ, ಅಷ್ಟೇ.”

“ಕ್ಯಾಚು ಕದ್ದೋನ್ನ ಹೊರಗೆ ಕೀಪರ್ ಅಂತಾರಲೇ,” ಅಂತ ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ಮರುದಿನ ಹೇಳದೆ ಕೇಳದೆ ಮಿಲ್ಲಿಗೆ ಹೋದೆ. ನಮ್ಮೂರಿನ ಅವಲಕ್ಕಿ ಮಿಲ್ಲು ಬಾಗಿಲಲ್ಲಿ ನಿಂತು ನೋಡುವಂಥ ಜಾಗವಲ್ಲ. ಯಂತ್ರ ಇನ್ನೂ ಅಲುಗಾಡದೆ ನಿಂತಿರುವಾಗಲೇ ಧಡಧಡ ಶುರುವಾಗುತ್ತದೆ, ಎದೆಗೂಡು ನಡುಗುತ್ತದೆ. ನಿಲ್ಲಿಸುವಾಗ ಇನ್ನೂ ಕಷ್ಟ. ಸದ್ದು ಪಟ್ಟನೆ ನಿಂತು ಇಡೀ ಮಿಲ್ಲು ಮೌನವಾಗುತ್ತದೆ, ಆದರೆ ಆ ಮೌನದಲ್ಲಿ ಚಕ್ರ ಇನ್ನೂ ಗರಗರ ತಿರುಗುತ್ತಲೇ ಇರುತ್ತದೆ. ಓಬಳೇಶನ ಅಪ್ಪ ಕಾಮಣ್ಣ ಜರಡಿಯ ಹತ್ತಿರ ನಿಂತಿದ್ದ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ. ಆ ಎರಡರಲ್ಲೇ ಬೀಡಿ ಹಿಡಿದು, ನಾನು ಅವನ ಕೈ ನೋಡಿದ್ದನ್ನು ನೋಡಿದ.

“ಸದ್ದು ನಿಂತಿತ್ತು ಕಣಪ್ಪ,” ಅಂದ. “ನಿಂತೈತೆ ಅಂದ್ಕಂಡು ಕೈ ಹಾಕ್ದೆ. ಎಲ್ಲಾರೂ ಹಂಗೇ ಅಂದ್ಕಂತಾರೆ. ನಂದೊಂದು ಗಳಿಗೆ ಮುಂಚೆ ಆತು.”

ಅವನ ಹಿಂದೆ ಓಬಳೇಶ ಮೂಟೆ ಸುರಿಯುತ್ತಿದ್ದ. ಸದ್ದು ನಿಂತಿತು. ಆಳುಗಳೆಲ್ಲ ಹೆಗಲು ಇಳಿಬಿಟ್ಟು ಉಸಿರು ಬಿಟ್ಟರು. ಅವನೊಬ್ಬ ಬಿಡಲಿಲ್ಲ. ಚಕ್ರದ ಮೇಲೆ ಕಣ್ಣಿಟ್ಟು, ಅದು ಕೊನೆಯ ಸುತ್ತು ಸುತ್ತಿ ಪೂರಾ ನಿಂತ ಮೇಲೆಯೇ ಕೈ ಒಳಗೆ ಹಾಕಿದ. ಆಗ ನನಗೆ ಕಂಡಿತು: ಅವನ ಕಿವಿಯೊಳಗೆ ಏನೋ ಬೆಳ್ಳಗೆ. ಹೋಗಿ ರಟ್ಟೆ ಹಿಡಿದು ತಿರುಗಿಸಿ, ಬೆರಳು ಹಾಕಿ ಕಿತ್ತೆ. ಜೇನುಮೇಣದಲ್ಲಿ ಅದ್ದಿದ ಹತ್ತಿ. ಎರಡೂ ಕಿವಿಯಲ್ಲಿ.

ಸಿಕ್ಕಿಬಿದ್ದ ಕಳ್ಳ! ನನಗೆ ಎಷ್ಟು ಖುಷಿಯಾಯಿತೋ ಅಷ್ಟೇ ಸಿಟ್ಟೂ ನೆತ್ತಿಗೇರಿತು. ನಾವೆಲ್ಲ ಹುಟ್ಟಿದಾಗಿನಿಂದ ಈ ಕಿವಿ ನಂಬಿ ಬದುಕಿದವರು, ಇವನು ಅದಕ್ಕೆ ಬಿರಡೆ ಹಾಕಿಕೊಂಡು ನಮ್ಮ ನಡುವೆ ಓಡಾಡುತ್ತಿದ್ದಾನೆ.

“ಕೆಪ್ಪನಾ ನೀನು?”

“ಇಲ್ಲಣ್ಣ. ಚೆನ್ನಾಗಿ ಕೇಳ್ತೈತೆ. ಅದಕ್ಕೇ ಹಾಕ್ಕಂಡಿರೋದು.”

“ಆಟದಲ್ಲೂ ಹಾಕ್ಕಂತೀಯಾ?”

“ಹೂಂ. ಇಲ್ದಿದ್ರೆ ಮೊದ್ಲೇ ಗೊತ್ತಾಗಿಬಿಡ್ತೈತಲ್ಲ.”

“ಗೊತ್ತಾದ್ರೆ ಒಳ್ಳೇದಲ್ವೇನಲೇ?”

ಅವನು ತನ್ನಪ್ಪನ ಕೈಯ ಕಡೆ ನೋಡಿದ. ನಾನು ಆ ಹತ್ತಿಯನ್ನು ಜೇಬಿಗೆ ಹಾಕಿಕೊಂಡೆ. “ಭಾನುವಾರ ಕೆಳಗಿನ ಪೇಟೆಯೋರ ಮೇಲೆ ಮ್ಯಾಚೈತೆ. ಬರಿಗಿವೀಲಿ ಬಂದು ಆಡು. ಆಮೇಲೆ ಹೇಳ್ತೀನಿ ನೀನು ಕೀಪರ್ರೋ ಕಣ್ಕಟ್ಟಿನೋನೋ ಅಂತ.” ಕಾಮಣ್ಣ ಬೀಡಿ ಕೆಳಗೆ ಹಾಕಿ, “ಅವನ್ನ ಇಲ್ಲಿಂದ ಕಳ್ಸಪ್ಪ. ಈ ಮಿಲ್ಲು ಯಾರ ಕೈನೂ ಬಿಟ್ಟಿಲ್ಲ,” ಅಂದ. ಆ ಮಾತಿನ ಮೇಲೂ ನನಗೆ ಅನುಮಾನವೇ ಬಂತು. ಅಪ್ಪ ಮಗ ಸೇರಿ ನನ್ನ ಮನಸ್ಸು ಕರಗಿಸಲು ನಾಟಕ ಆಡುತ್ತಿರಬಹುದು ಅಂದುಕೊಂಡು ಹೊರಟು ಬಂದೆ.

ಭಾನುವಾರ ಬಿಸಿಲು ಸುಡುತ್ತಿತ್ತು. ಓಬಳೇಶ ಬರಿಗಿವಿಯಲ್ಲಿ ಬಂದು ಸ್ಟಂಪಿನ ಹಿಂದೆ ಕೂತ. ನಾನು ಅವನಿಗೆ ತೀರ ಹತ್ತಿರ, ಮೊದಲ ಸ್ಲಿಪ್ಪಿನಲ್ಲಿ ನಿಂತೆ. ಮೊದಲ ಕೆಲವು ಬಾಲಿಗೇ ಅವನ ಮುಖ ಬಿಳುಚಿಕೊಂಡಿತು, ಸಂತೆಯಲ್ಲಿ ತಪ್ಪಿಸಿಕೊಂಡ ಕರುವಿನ ಹಾಗೆ. ಟಿಕ್ ಅಂದರೆ ಬೆಚ್ಚುತ್ತಿದ್ದ. ಆಮೇಲೊಂದು ಬಾಲಿಗೆ ‘ಟಿಕ್’ ಕೇಳಿತು, ಅದರ ಬೆನ್ನಿಗೇ ‘ಥಡ್’ ಅಂತ ನೆಲಕ್ಕೆ ಬಿದ್ದ ಸದ್ದೂ ಕೇಳಿತು. ಕ್ಯಾಚು ಹೋಯಿತು ಅಂತ ಊರಿಗೇ ಗೊತ್ತಾಯಿತು. ಬಾಲು ಆಮೇಲೆ ಬಂತು, ಅಂಚು ಸವರಿತು, ಅವನ ಬಲಗಡೆ ಮೊಣಕಾಲೆತ್ತರದಲ್ಲಿ ಹೋಯಿತು. ಓಬಳೇಶ ಕೈ ಇಳಿಬಿಟ್ಟು ಕೂತಲ್ಲೇ ಕೂತಿದ್ದ. ನಾನೂ ನಿಂತಲ್ಲೇ ನಿಂತಿದ್ದೆ. ಯಾರೂ ಅವನನ್ನು ಬೈಯಲಿಲ್ಲ. ಸದ್ದಾದ ಮೇಲೆ ಯಾರು ತಾನೇ ಹಾರುತ್ತಾರೆ?

ನೀರು ಕುಡಿಯಲು ನಿಂತಾಗ ಅವನ ಹತ್ತಿರ ಹೋದೆ. “ನೋಡಿದ್ಯಾ? ಹತ್ತಿ ತೆಗೆದ್ರೆ ನೀನು ಏನೂ ಅಲ್ಲ.”

“ಹೂನಣ್ಣ. ಹತ್ತಿ ತೆಗೆದ್ರೆ ನಾನು ನೀನೇ.”

ಈ ಸಲ ಅವನು ನನ್ನ ತುಟಿಗಾಗಿ ಕಾಯದೆ ತಕ್ಷಣ ಹೇಳಿದ್ದ. ಅವನ ಸ್ವರ ಬಂದು, ತುಟಿ ಆಡಿ ಮುಗಿಯುವಷ್ಟರಲ್ಲಿ ನನ್ನ ಕೈ ಅವನ ಅಂಗಿಯ ಕುತ್ತಿಗೆಯಲ್ಲಿತ್ತು. ಬಾರಿಸಿದ ಸದ್ದು ಕೇಳಿಸುತ್ತದೇನೋ ಅಂತ ಇಬ್ಬರೂ ಒಂದು ಕ್ಷಣ ಕಾದೆವು. ಕೇಳಿಸಲಿಲ್ಲ. ಬಿಟ್ಟೆ. ಜೇಬಿನಿಂದ ಹತ್ತಿ ತೆಗೆದು ಅವನ ಎದೆಗೆ ಒತ್ತಿದೆ. “ತಗಾ, ತುರುಕ್ಕ. ಅದೇನು ಕಿತ್ತು ಗುಡ್ಡೆ ಹಾಕ್ತೀಯೋ ನೋಡೇ ಬಿಡ್ತೀನಿ.”

ಅವನು ತಿರುಗಿ ನಿಂತು ಹತ್ತಿ ಹಾಕಿಕೊಂಡ. ಹೆಗಲು ಸಡಿಲವಾದದ್ದು ಹಿಂದಿನಿಂದಲೇ ಕಂಡಿತು.

ಆಟ ಮುಗಿಯುತ್ತ ಬಂತು. ಕೆಳಗಿನ ಪೇಟೆಯವರ ಕೊನೆಯ ಜೋಡಿ ಆಡುತ್ತಿತ್ತು, ಗೆಲುವಿಗೆ ಅವರಿಗೆ ಒಂದು ಒಳ್ಳೆ ಹೊಡೆತ ಸಾಕಾಗಿತ್ತು. ನಮ್ಮ ಬೌಲರ್ ಓಡತೊಡಗಿದ. ಟಿಕ್ ಕೇಳಿತು. ಎಲ್ಲರೂ ಉಸಿರು ಹಿಡಿದರು. ಹಿಂದೆಯೇ ‘ಥಡ್’. ಬೌಂಡರಿಯಾಚೆ ಸಣ್ಣೀರಪ್ಪ, “ಹೋತು ಬಿಡು” ಅಂದದ್ದು ಕೇಳಿತು. ಕವರಿನಲ್ಲಿದ್ದ ಫೀಲ್ಡರ್ ಸೊಂಟದ ಮೇಲೆ ಕೈ ಇಟ್ಟ. ಬೌಲರ್ ಬೇಜಾರಿನಲ್ಲೇ ಕೈ ತಿರುಗಿಸಿ ಬಾಲು ಬಿಟ್ಟ. ಬ್ಯಾಟ್ಸ್‌ಮನ್‌ಗೂ ತಾನು ಬದುಕಿದ್ದು ಗೊತ್ತಾಗಿತ್ತು, ನಗುತ್ತಲೇ ಬ್ಯಾಟು ಬೀಸಿದ. ಬಾಲು ಅಂಚಿಗೆ ಸವರಿ ಎಡಗಡೆ ದೂರ, ತೀರ ಕೆಳಗೆ ಇಳಿಯತೊಡಗಿತು. ಆಗ ಓಬಳೇಶ ಹಾರಿದ. ಮೈ ಪೂರಾ ಗಾಳಿಯಲ್ಲಿ ಚಾಚಿ, ಎಡಗೈ ಇನ್ನೂ ಮುಂದಕ್ಕೆ ಚಾಚಿ, ಗ್ಲೋವಿನ ತುದಿಯಲ್ಲಿ ಬಾಲನ್ನು ಎತ್ತಿಕೊಂಡ. ಆಮೇಲೆ ಪಕ್ಕೆ ಕೆಳಗಾಗಿ ನೆಲಕ್ಕೆ ಬಿದ್ದ. ಸದ್ದಿಲ್ಲದೆ ಬಿದ್ದ.

ಅವನು ಎದ್ದು ಬಾಲು ತೋರಿಸಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಂಪೈರು ಬಾಲು ತೆಗೆದುಕೊಂಡು ತಲೆ ಅಡ್ಡ ಆಡಿಸಿದ. “ನಾಟೌಟ್. ಬಾಲು ನೆಲಕ್ಕೆ ಬಿದ್ದಿದ್ದು ಊರಿಗೇ ಕೇಳೈತೆ.” ಕೆಳಗಿನ ಪೇಟೆಯವರು, “ಮೋಸ! ಮೋಸ!” ಅಂತ ಒಳಗೆ ನುಗ್ಗಿದರು. “ಬಿದ್ದ ಬಾಲನ್ನ ಎತ್ಕಂಡು ತೋರಿಸ್ತೀಯಲೇ, ಅವಲಕ್ಕಿ!” ಅಂತ ಒಬ್ಬ ಅವನ ಎದೆಗೆ ಕೈ ಹಾಕಿದ. ಓಬಳೇಶ ಒಬ್ಬೊಬ್ಬರ ಬಾಯನ್ನೂ ನೋಡುತ್ತ ನಿಂತಿದ್ದ. ಅಷ್ಟು ಬಾಯಿ ಒಟ್ಟಿಗೆ ಓದುವುದು ಅವನಿಂದಲೂ ಆಗುತ್ತಿರಲಿಲ್ಲ.

ನನಗೂ ಅನುಮಾನವೇ. ನಾನು ಕಣ್ಣಾರೆ ಕಂಡಿದ್ದೆ, ಆದರೂ ಕಿವಿಯಾರೆ ಕೇಳಿದ್ದೂ ನಾನೇ. ಯಾವುದನ್ನು ನಂಬುವುದು? ಜಗಳದವರನ್ನು ತಳ್ಳಿಕೊಂಡು ಹೋಗಿ ಅವನು ಬಿದ್ದ ಜಾಗದಲ್ಲಿ ಮೊಣಕಾಲೂರಿದೆ. ಅಲ್ಲಿ ಕೆಂಪು ಧೂಳು ಹಿಟ್ಟಿನ ಹಾಗಿತ್ತು, ಇರುವೆ ನಡೆದರೂ ಗುರುತು ಉಳಿಯುವಂಥದ್ದು. ಬಾಲಿನ ಗುಳಿ ಹುಡುಕಿದೆ. ಅಂಗೈಯಷ್ಟು ಜಾಗವನ್ನೂ ಬಿಡದೆ ಹುಡುಕಿದೆ. ಇರಲಿಲ್ಲ. ಇದ್ದದ್ದು ಅವನ ಪಕ್ಕೆ ಉಜ್ಜಿದ ಅಗಲವಾದ ಗೆರೆ, ಮೊಣಕೈ ಊರಿದ ಗುಂಡಿ. ಮೊಣಕೈ ಗುಂಡಿಯೊಳಗೆ ಬೆರಳಿಟ್ಟುಕೊಂಡು ಕೂತೆ. ಬಾಲು ಇಲ್ಲಿ ಬಿದ್ದಿಲ್ಲ ಅಂದಮೇಲೆ ಥಡ್ ಅಂದದ್ದು ಏನು?

ಎದ್ದು ನಿಂತೆ. “ಎಲ್ಲಾ ಬಾಯಿ ಮುಚ್ರಲೇ!” ಅಂತ ಕಿರುಚಿ, ಎರಡು ಹೆಜ್ಜೆ ಹಿಂದೆ ಹೋದೆ. ಆಡಿದಷ್ಟು ಕಾಲದಲ್ಲಿ ಒಮ್ಮೆಯೂ ನಾನು ನೆಲಕ್ಕೆ ಹಾರಿದವನಲ್ಲ. ನಮ್ಮಲ್ಲಿ ಯಾರೂ ಹಾರಿದವರಲ್ಲ. ಟಿಕ್ ಕೇಳಿ ಮೊದಲೇ ಜರುಗಿ ಕೂರುವವರಿಗೆ ಹಾರುವ ಅಗತ್ಯ ಏನಿದೆ, ಥಡ್ ಕೇಳಿದ ಮೇಲೆ ಹಾರುವ ಅರ್ಥ ಏನಿದೆ? ಕಾಲು ನೆಲದಿಂದ ಎತ್ತಿ ಮೈಯನ್ನು ಮುಂದಕ್ಕೆ ಎಸೆದೆ. ಸದ್ದು ಕೇಳಿತು: ಥಡ್. ಎಲ್ಲರೂ ತಿರುಗಿ ಅಂಪೈರಿನ ಕೈಯಲ್ಲಿದ್ದ ಬಾಲನ್ನು ನೋಡಿದರು. ಬಾಲು ಅವನ ಕೈಯಲ್ಲೇ ಇತ್ತು. ಆಮೇಲೆ ನಾನು ಬಿದ್ದೆ.

ಅದೇ ಸದ್ದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮಣ್ಣಿನಲ್ಲಿ ಕೆನ್ನೆ ಇಟ್ಟುಕೊಂಡು ಮಲಗಿದ್ದೆ. ಪಕ್ಕೆ ಉರಿಯುತ್ತಿತ್ತು. ಅಂಪೈರು ಬಾಲನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ನಿಧಾನವಾಗಿ ಬೆರಳು ಎತ್ತಿದ. ನಾನು ಏಳಲಿಲ್ಲ. ಇಷ್ಟು ವರ್ಷ ಸ್ಟಂಪಿನ ಹಿಂದೆ ಕೂತು ಎಷ್ಟು ಸಲ ಆ ಥಡ್ ಕೇಳಿದ್ದೆ, ಕೇಳಿ ಕೈ ಇಳಿಬಿಟ್ಟಿದ್ದೆ, ನನ್ನ ಪಕ್ಕದಲ್ಲೇ ಬಾಲು ಹೋಗುವುದನ್ನು ಸುಮ್ಮನೆ ನೋಡಿದ್ದೆ. ಅದರಲ್ಲಿ ಬಾಲಿನದು ಎಷ್ಟು, ನಾನು ಹಾರಿದ್ದರೆ ಬೀಳಬಹುದಾಗಿದ್ದ ನನ್ನದೇ ಮೈಯದು ಎಷ್ಟು? ಯಾರನ್ನು ಕೇಳಲಿ? ಯಾರ ಕುತ್ತಿಗೆಪಟ್ಟಿ ಹಿಡಿಯಲಿ? ಸಿಟ್ಟು ಬಂತು, ಆದರೆ ಈ ಸಲ ಅದಕ್ಕೆ ಹೋಗಲು ಮನೆಯೇ ಇರಲಿಲ್ಲ.

ಸಣ್ಣೀರಪ್ಪ ಬಂದು ನನ್ನ ತಲೆಯ ಹತ್ತಿರ ಕೂತ. ಅವನ ಹಿಂದೆ ತಂಡದವರು, ಬೀಡಿ ಹಚ್ಚುವುದನ್ನೂ ಮರೆತು ನಿಂತ ಕಾಮಣ್ಣ. “ಎದ್ದೇಳಪ್ಪ ತಿಪ್ಪೇರುದ್ರ. ಎದ್ದು ಒಂದು ಮಾತು ಹೇಳು. ಕಳ್ಸೋಣೋ ಬ್ಯಾಡೋ?”

ಎದ್ದು ಕೂತೆ. ಬಾಯಿ ತುಂಬ ಮಣ್ಣು. ಹೊರಗಿನವರ ಮೇಲೆ ನನಗೆ ಈಗಲೂ ನಂಬಿಕೆಯಿಲ್ಲ. ಆ ಕೋಚು ಇವನನ್ನೂ ನೋಡಿ ನಗಬಹುದು, ಇನ್ನೊಂದು ಕುಂಟು ನೆಪ ಹೇಳಬಹುದು. ಆದರೆ ಸದ್ದೂ ಸಂಗತಿಯೂ ಜೊತೆಯಲ್ಲೇ ಬರುವ ಆ ಊರಿನಲ್ಲಿ ಬೇಕಾದದ್ದು ಬರಿಯ ಕಣ್ಣು, ಅದು ಇವನ ಹತ್ತಿರ ಇತ್ತು. ಇದನ್ನೆಲ್ಲ ಇನ್ನೂ ಯೋಚಿಸುತ್ತಿರುವಾಗಲೇ ನನ್ನ ಸ್ವರ ನನಗೇ ಕೇಳಿತು: “ಕಳ್ಸು.”

ಎಲ್ಲರಿಗೂ ಕೇಳಿತು. ಸಣ್ಣೀರಪ್ಪ ನನ್ನ ಬೆನ್ನಿಗೆ ಗುದ್ದಿದ. ಕಾಮಣ್ಣ ಎರಡು ಬೆರಳಿನ ಕೈಯಿಂದ ಮುಖ ಮುಚ್ಚಿಕೊಂಡ. ಹುಡುಗರು ಆಗಲೇ ಚಪ್ಪಾಳೆ ತಟ್ಟುತ್ತ ಸ್ಟಂಪು ಕೀಳಲು ಓಡಿದರು. ಅವರ ಪಾಲಿಗೆ ಸಂಗತಿ ಮುಗಿದಿತ್ತು. ಓಬಳೇಶ ಒಬ್ಬ ಕದಲಲಿಲ್ಲ. ಕಿವಿಯಲ್ಲಿ ಹತ್ತಿ, ಕೈಯಲ್ಲಿ ನಾನು ಹೊಲಿದ ಗ್ಲೋವ್ಸ್, ಕಣ್ಣು ನನ್ನ ತುಟಿಯ ಮೇಲೆ. ಅವನಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ.

ಮಣ್ಣು ಉಗಿದು, ಮುರಿದ ಹಲ್ಲು ಕಾಣುವ ಹಾಗೆ ಬಾಯಿ ತೆರೆದೆ.